ಡಿಎಫ್ 435 ಜಿಬಿ ಎನ್ನುತ್ತದೆ, ಡಿಯು 212 ಎನ್ನುತ್ತದೆ. ಮಿಕ್ಕ ಜಾಗ ಎಲ್ಲಿ ಹೋಯಿತು?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವನು. ಮನೆಯಲ್ಲೇ ಹಳೆಯ ಕನ್ನಡ ಪತ್ರಿಕೆ, ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಡುತ್ತಿದ್ದೇನೆ. ಕಂಪ್ಯೂಟರ್‌ನಲ್ಲಿ ಉಬುಂಟು ಲಿನಕ್ಸ್ ಇದೆ. 500 ಜಿಬಿ ಎಸ್‌ಎಸ್‌ಡಿ, ಒಂದೇ ದೊಡ್ಡ ಪಾರ್ಟಿಶನ್, ಫೈಲ್‌ಸಿಸ್ಟಮ್ (ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಇಎಕ್ಸ್‌ಟಿ4. ಬ್ಯಾಕಪ್‌ಗೆ ಅಂತ 2 ಟಿಬಿ ಯುಎಸ್‌ಬಿ ಡಿಸ್ಕ್ ಬೇರೆ ಇದೆ. ಅದು /ಎಂಎನ್‌ಟಿ/ಬ್ಯಾಕಪ್‌ನಲ್ಲಿ ಮೌಂಟ್ ಆಗುತ್ತದೆ, ಅಂದರೆ ಅದರ ಫೈಲ್‌ಗಳು ಆ ಫೋಲ್ಡರ್‌ನಲ್ಲಿ ಕಾಣುತ್ತವೆ.

ನಿನ್ನೆ ಸಂಜೆ ಒಂದು ಪುಟ ಸೇವ್ ಮಾಡಲು ಹೋದರೆ ಡಿಸ್ಕ್‌ನಲ್ಲಿ ಜಾಗ ಇಲ್ಲ ಎಂದಿತು. ಡಿಸ್ಕ್ ಎಷ್ಟು ತುಂಬಿದೆ ಅಂತ ಹೇಳುವ 'ಡಿಎಫ್ -ಎಚ್' ಕಮಾಂಡ್ ಕೊಟ್ಟೆ. ಒಟ್ಟು 458, ಬಳಸಿದ್ದು 435, ಉಳಿದದ್ದು 0, ಶೇಕಡಾ 100. ಯಾವ ಫೋಲ್ಡರ್ ಇಷ್ಟು ತಿಂದಿದೆ ನೋಡೋಣ ಅಂತ 'ಡಿಯು -ಎಸ್‌ಎಕ್ಸ್‌ಎಚ್ /' ಕೊಟ್ಟರೆ ಬರೀ 212.

ಎರಡು ಪ್ರಶ್ನೆ. 435ರಲ್ಲಿ 212 ಕಳೆದರೆ 223 ಜಿಬಿ ಎಲ್ಲಿದೆ? 458ರಲ್ಲಿ 435 ಕಳೆದರೆ 23 ಉಳಿಯಬೇಕು, ಸೊನ್ನೆ ಯಾಕೆ ತೋರಿಸುತ್ತಿದೆ? ಒಂದು ದೊಡ್ಡ ಲಾಗ್ ಫೈಲ್ ಇತ್ತು, ಅದನ್ನೂ ಅಳಿಸಿದೆ. ಒಂದು ಜಿಬಿಯೂ ವಾಪಸ್ ಬರಲಿಲ್ಲ.

ಹೊಸಬ22
ಟ್ರ್ಯಾಶ್ ಖಾಲಿ ಮಾಡಿದಿರಾ?

ತುಂಗಾತೀರ
ಮೊದಲು ಮಾಡಿದ್ದೇ ಅದು.

ಕಮಾಂಡ್‌ಪ್ರಿಯ
ಎರಡನೇ ಪ್ರಶ್ನೆ ಸುಲಭ. ಇಎಕ್ಸ್‌ಟಿ4 ಫಾರ್ಮ್ಯಾಟ್ ಮಾಡುವಾಗಲೇ ಶೇಕಡಾ 5ರಷ್ಟು ಜಾಗವನ್ನು ರೂಟ್‌ಗೆ (ಎಲ್ಲ ಅಧಿಕಾರ ಇರುವ ಮುಖ್ಯ ಬಳಕೆದಾರ) ಅಂತ ತೆಗೆದಿಡುತ್ತದೆ. ಡಿಸ್ಕ್ ತುಂಬಿದರೂ ರೂಟ್ ಲಾಗಿನ್ ಆಗಿ ಸರಿ ಮಾಡಲು ಸಾಧ್ಯವಾಗಲಿ, ಫೈಲ್‌ಗಳು ಚೂರುಚೂರಾಗಿ ಹರಡದಿರಲಿ ಅಂತ. ನಿಮ್ಮ ಡಿಸ್ಕ್‌ನಲ್ಲಿ ಅದು ಸುಮಾರು 23 ಜಿಬಿ. ಲೆಕ್ಕ ಸರಿ ಹೋಯಿತಲ್ಲ.

'ಟ್ಯೂನ್2ಎಫ್‌ಎಸ್ -ಎಂ 1' ಕೊಟ್ಟರೆ ಶೇಕಡಾ 1ಕ್ಕೆ ಇಳಿಯುತ್ತದೆ. ಅನ್‌ಮೌಂಟ್ ಮಾಡಬೇಕಾಗಿಲ್ಲ.

ರಾತ್ರಿಪಾಳಿ
ಇಳಿಸಬಹುದು, ಆದರೆ ಈಗಲೇ ಬೇಡ. ಕಾರಣ ಗೊತ್ತಾಗುವ ಮೊದಲೇ ಆ 18 ಜಿಬಿ ಬಿಟ್ಟುಕೊಟ್ಟರೆ ಅದೂ ತುಂಬುತ್ತದೆ. ಆಮೇಲೆ ಕೈಯಲ್ಲಿ ಏನೂ ಇರುವುದಿಲ್ಲ.

ತುಂಗಾತೀರ ಸರ್, ನೀವು ಶಿವಮೊಗ್ಗದವರು, ಅಡಿಕೆ ಮಂಡಿ ನೋಡಿರುತ್ತೀರಿ. ಡಿಎಫ್ ಮಂಡಿಯ ಲೆಕ್ಕದ ಪುಸ್ತಕ ತೆರೆದು ಇಷ್ಟು ಮೂಟೆ ಇದೆ ಎನ್ನುತ್ತದೆ. ಫೈಲ್‌ಸಿಸ್ಟಮ್ ತನ್ನ ಹತ್ತಿರ ಇಟ್ಟುಕೊಂಡಿರುವ ಮೊತ್ತವನ್ನು ಓದುತ್ತದೆ, ಅಷ್ಟೇ. ಅದಕ್ಕೇ ಕ್ಷಣದಲ್ಲಿ ಉತ್ತರ ಬರುತ್ತದೆ. ಡಿಯು ಗೋಡೌನ್ ಒಳಗೆ ಹೋಗಿ ಕಣ್ಣಿಗೆ ಕಾಣುವ ಮೂಟೆಗಳನ್ನು ಒಂದೊಂದಾಗಿ ಎಣಿಸುತ್ತದೆ. ಎರಡೂ ಸುಳ್ಳು ಹೇಳುವುದಿಲ್ಲ. ವ್ಯತ್ಯಾಸ ಬಂದರೆ ಕಣ್ಣಿಗೆ ಕಾಣದ ಮೂಟೆ ಇದೆ ಅಂತ ಅರ್ಥ.

ಮೂರು ವಿಷಯ ಹೇಳಿ. ಡಿಯು ಓಡಿಸುವಾಗ ಸುಡೋ (ರೂಟ್ ಅಧಿಕಾರ) ಹಾಕಿದ್ದಿರಾ? ಆ ಲಾಗ್ ಬರೆಯುತ್ತಿದ್ದ ಪ್ರೋಗ್ರಾಂ ಇನ್ನೂ ಓಡುತ್ತಿದೆಯಾ? ಲಾಗ್ ಅಳಿಸಿದ ಮೇಲೆ ರೀಬೂಟ್ ಮಾಡಿದಿರಾ?

ಹುಬ್ಬಳ್ಳಿಯವ
ಅದೆಲ್ಲ ಇರಲಿ ರೀ, 500 ಜಿಬಿ ಅಂತ ದುಡ್ಡು ತಗೊಂಡು 458 ಕೊಟ್ಟರೆ ಹೇಗೆ? ಎಲ್ಲ ಕಂಪನಿಗಳೂ ಹೀಗೇ ಮಾಡುತ್ತವೆ. ಗ್ರಾಹಕರು ಕೇಳಬೇಕು.

ಕಮಾಂಡ್‌ಪ್ರಿಯ
ಅಣ್ಣಾ, ಅದು ಮೋಸ ಅಲ್ಲ, ಲೆಕ್ಕದ ಪದ್ಧತಿ ಬೇರೆ. ಡಿಸ್ಕ್ ತಯಾರಿಸುವವರು ಸಾವಿರದ ಲೆಕ್ಕ ಹಿಡಿಯುತ್ತಾರೆ. ಡಿಎಫ್ ಸಣ್ಣ -ಎಚ್ 1024ರ ಲೆಕ್ಕ ಹಿಡಿಯುತ್ತದೆ. 500 ಜಿಬಿಯನ್ನು 1024ರಿಂದ ಮೂರು ಸಲ ಭಾಗಿಸಿದ ಲೆಕ್ಕಕ್ಕೆ ತಂದರೆ 465.66 ಬರುತ್ತದೆ. ಅದರಲ್ಲಿ ಏಳು ಜಿಬಿ ಚಿಲ್ಲರೆ ಐನೋಡ್ (ಪ್ರತಿ ಫೈಲ್‌ನ ವಿವರ ಇರುವ ದಾಖಲೆ) ಪಟ್ಟಿಗೆ ಹೋಗುತ್ತದೆ. ಉಳಿದದ್ದು 458. ದೊಡ್ಡ ಎಚ್ ಹಾಕಿ ನೋಡಿ, ಸಾವಿರದ ಲೆಕ್ಕದಲ್ಲೇ ತೋರಿಸುತ್ತದೆ.

ಹುಬ್ಬಳ್ಳಿಯವ
ಹಾಗಾದರೆ ಎರಡಕ್ಕೂ ಒಂದೇ ಹೆಸರು ಯಾಕೆ ಇಟ್ಟರು?

ಡಬ್ಲಿನ್‌ಕನ್ನಡಿಗ
ಬೇರೆ ಹೆಸರು ಇದೆ. 1998ರಲ್ಲೇ ಐಇಸಿ ಎಂಬ ಅಂತರರಾಷ್ಟ್ರೀಯ ಮಾನಕ ಸಂಸ್ಥೆ 1024ರ ಲೆಕ್ಕಕ್ಕೆ ಕಿಬಿ, ಮೆಬಿ, ಗಿಬಿ ಅಂತ ಹೆಸರು ಕೊಟ್ಟಿತು. ವಿಂಡೋಸ್ ಈಗಲೂ 1024ರಲ್ಲಿ ಎಣಿಸಿ ಜಿಬಿ ಅಂತ ಬರೆಯುತ್ತದೆ. ಮ್ಯಾಕ್ 2009ರ 10.6ರಿಂದ ಸಾವಿರದ ಲೆಕ್ಕಕ್ಕೆ ಬಂತು. ಅದಕ್ಕೇ ಒಂದೇ ಡಿಸ್ಕ್ ಮೂರು ಕಡೆ ಮೂರು ಥರ ಕಾಣುತ್ತದೆ.

ಮಂಗಳೂರುಮಳೆ
ಮಾರಾಯ್ರೇ, ಮೂಲ ಪ್ರಶ್ನೆಗೆ ಬನ್ನಿ. 'ಡಿಎಫ್ -ಐ' ಕೊಟ್ಟು ನೋಡಿ ಸರ್. ಐನೋಡ್ ಮುಗಿದಿರಬಹುದು.

ರಾತ್ರಿಪಾಳಿ
ಐನೋಡ್ ಮುಗಿದರೂ ಜಾಗ ಇಲ್ಲ ಎಂಬ ಸಂದೇಶವೇ ಬರುತ್ತದೆ, ನಿಜ. ಆದರೆ ಆಗ ಡಿಎಫ್ -ಎಚ್‌ನಲ್ಲಿ ಜಾಗ ಉಳಿದಿರುತ್ತದೆ. ಇವರಿಗೆ ಸೊನ್ನೆ ಇದೆ. ಅಲ್ಲದೆ ಇವರ ಸ್ಕ್ಯಾನ್ ಫೈಲ್‌ಗಳು ದೊಡ್ಡವು. ಇಎಕ್ಸ್‌ಟಿ4 ಸಾಮಾನ್ಯವಾಗಿ 16 ಕೆಬಿಗೆ ಒಂದು ಐನೋಡ್ ಲೆಕ್ಕ ಇಡುತ್ತದೆ. ಫೈಲ್ ದೊಡ್ಡದಿದ್ದಷ್ಟೂ ಐನೋಡ್ ಮಿಕ್ಕೇ ಮಿಗುತ್ತದೆ.

ಐನೋಡ್ ಪ್ರಕರಣ ನಾನು ನೋಡಿದ್ದೇನೆ. ಒಂದು ವೆಬ್ ಸರ್ವರ್. ಅರ್ಧಕ್ಕರ್ಧ ಜಾಗ ಖಾಲಿ, ಆದರೂ ಹೊಸ ಫೈಲ್ ಬರೆಯಲು ಆಗುತ್ತಿಲ್ಲ. ರಾತ್ರಿ ಎರಡು ಗಂಟೆ. ಪಿಎಚ್‌ಪಿ ಸೆಷನ್ ಫೈಲ್‌ಗಳು ಲಕ್ಷಗಟ್ಟಲೆ ಕೂತಿದ್ದವು, ಒಂದೊಂದೂ ಒಂದು ಕೆಬಿ ಕೂಡ ಇಲ್ಲ. ಇಎಕ್ಸ್‌ಟಿ4ನಲ್ಲಿ ಐನೋಡ್ ಸಂಖ್ಯೆ ಫಾರ್ಮ್ಯಾಟ್ ದಿನವೇ ತೀರ್ಮಾನ. ಎಕ್ಸ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಮ್ ಆದರೆ ಬೇಕಾದಾಗ ಮಾಡಿಕೊಳ್ಳುತ್ತದೆ.

ಹೊಸಬ22
ನನ್ನ ಡಿಎಫ್‌ನಲ್ಲಿ ಲೂಪ್ ಲೂಪ್ ಅಂತ ಹತ್ತಾರು ಸಾಲು ಬರುತ್ತವೆ, ಎಲ್ಲವೂ ಶೇಕಡಾ 100. ಭಯ ಪಡಬೇಕಾ?

ಕಮಾಂಡ್‌ಪ್ರಿಯ
ಬೇಡ. ಅವು ಸ್ನ್ಯಾಪ್ ಪ್ಯಾಕೇಜ್‌ಗಳು. ಸ್ಕ್ವಾಶ್‌ಎಫ್‌ಎಸ್ ಅಂತ ಓದಲು ಮಾತ್ರ ಇರುವ ಫೈಲ್‌ಸಿಸ್ಟಮ್. ಒಳಗೆ ಎಷ್ಟಿದೆಯೋ ಅಷ್ಟೇ ಅಳತೆಗೆ ಕಟ್ಟಿರುತ್ತಾರೆ, ಹಾಗಾಗಿ ಯಾವಾಗಲೂ ತುಂಬಿರುತ್ತದೆ. 'ಡಿಎಫ್ -ಎಚ್ -ಎಕ್ಸ್ ಸ್ಕ್ವಾಶ್‌ಎಫ್‌ಎಸ್ -ಎಕ್ಸ್ ಟೆಂಪ್‌ಎಫ್‌ಎಸ್' ಕೊಡಿ, ಬೇಕಾದ ಸಾಲು ಮಾತ್ರ ಉಳಿಯುತ್ತದೆ.

ಸರಳಜೀವಿ
ಇಷ್ಟೆಲ್ಲ ಕಮಾಂಡ್ ಯಾಕೆ? ಉಬುಂಟುವಿನಲ್ಲೇ ಡಿಸ್ಕ್ ಯೂಸೇಜ್ ಅನಲೈಸರ್ ಇದೆ. ಬಣ್ಣಬಣ್ಣದ ಚಕ್ರ ಬರುತ್ತದೆ, ದೊಡ್ಡ ಫೋಲ್ಡರ್ ತಕ್ಷಣ ಗೊತ್ತಾಗುತ್ತದೆ.

ರಾತ್ರಿಪಾಳಿ
ಒಳ್ಳೆಯ ಪ್ರೋಗ್ರಾಂ, ನಾನೂ ಬಳಸುತ್ತೇನೆ. ಆದರೆ ಅದೂ ಡಿಯು ಥರವೇ ಫೋಲ್ಡರ್ ಸುತ್ತಿ ಎಣಿಸುತ್ತದೆ. ಡಿಯುಗೆ ಕಾಣದ್ದು ಅದಕ್ಕೂ ಕಾಣುವುದಿಲ್ಲ. ಇಲ್ಲಿನ ಸಮಸ್ಯೆಯೇ ಕಾಣದ ಫೈಲ್.

ತುಂಗಾತೀರ
ರಾತ್ರಿಪಾಳಿ ಸರ್, ಸುಡೋ ಹಾಕಿದ್ದೆ. ಪ್ರೋಗ್ರಾಂ ಓಡುತ್ತಲೇ ಇದೆ. ಟೆಸರಾಕ್ಟ್ ಬಳಸಿ ಪುಟಗಳ ಅಕ್ಷರ ಗುರುತಿಸುವ ಪೈಥಾನ್ ಸ್ಕ್ರಿಪ್ಟ್ ಅದು. ಒಂಬತ್ತು ದಿನದಿಂದ ಓಡುತ್ತಿದೆ. ಫಲಿತಾಂಶ ಯುಎಸ್‌ಬಿ ಡಿಸ್ಕ್‌ಗೆ ಹೋಗುತ್ತದೆ, ಹಾಗಾಗಿ ನಿಂತಿಲ್ಲ. ನಿಲ್ಲಿಸಿದರೆ ಮೊದಲಿನಿಂದ ಶುರು ಮಾಡಬೇಕು. ಅದಕ್ಕೇ ರೀಬೂಟ್ ಮಾಡಿಲ್ಲ.

ರಾತ್ರಿಪಾಳಿ
ಅರ್ಧ ಉತ್ತರ ಅಲ್ಲೇ ಇದೆ. ಲಿನಕ್ಸ್‌ನಲ್ಲಿ ಅಳಿಸುವುದು ಅಂದರೆ ಹೆಸರು ಕಿತ್ತುಹಾಕುವುದು. ಯಾವುದಾದರೂ ಪ್ರೋಗ್ರಾಂ ಆ ಫೈಲನ್ನು ತೆರೆದು ಹಿಡಿದಿದ್ದರೆ ಒಳಗಿನ ಸರಕು ಹಾಗೇ ಇರುತ್ತದೆ. ಹೆಸರಿಲ್ಲ, ಹಾಗಾಗಿ ಡಿಯುಗೆ ಕಾಣದು. ಜಾಗ ಹಿಡಿದಿದೆ, ಹಾಗಾಗಿ ಡಿಎಫ್ ಲೆಕ್ಕದಲ್ಲಿದೆ.

'ಸುಡೋ ಎಲ್‌ಎಸ್‌ಒಎಫ್ +ಎಲ್1' ಕೊಡಿ. ಎಲ್ ದೊಡ್ಡಕ್ಷರ. ಹೆಸರು ಕಳೆದುಕೊಂಡು ಇನ್ನೂ ತೆರೆದಿರುವ ಫೈಲ್‌ಗಳನ್ನು ಮಾತ್ರ ತೋರಿಸುತ್ತದೆ. ಇದು ಓದುವ ಕಮಾಂಡ್, ಏನನ್ನೂ ಮುಟ್ಟುವುದಿಲ್ಲ.

ತುಂಗಾತೀರ
ಸಿಕ್ಕಿತು! ಪೈಥಾನ್ ಸಾಲಿನ ಮುಂದೆ ಅದೇ ಲಾಗ್ ಹೆಸರು, ಪಕ್ಕದಲ್ಲಿ ಡಿಲೀಟೆಡ್ ಅಂತ ಇದೆ. ಗಾತ್ರ 43 ಜಿಬಿ. ಸ್ಕ್ರಿಪ್ಟ್ ನಿಲ್ಲಿಸದೆ ಬಿಡಿಸಬಹುದಾ?

ರಾತ್ರಿಪಾಳಿ
ಬಹುದು. ಆ ಪಟ್ಟಿಯಲ್ಲಿ ಪ್ರೊಸೆಸ್ ಸಂಖ್ಯೆ, ಫೈಲ್ ಡಿಸ್ಕ್ರಿಪ್ಟರ್ ಸಂಖ್ಯೆ ಎರಡೂ ಇವೆ. /ಪ್ರಾಕ್ ಒಳಗೆ ಆ ಪ್ರೊಸೆಸ್ ಸಂಖ್ಯೆಯ ಫೋಲ್ಡರ್, ಅದರೊಳಗೆ ಎಫ್‌ಡಿ, ಅದರೊಳಗೆ ಆ ಸಂಖ್ಯೆ. ಅದರ ಮೇಲೆ 'ಟ್ರಂಕೇಟ್ -ಎಸ್ 0' ಕೊಡಿ, ಫೈಲ್ ಗಾತ್ರ ಸೊನ್ನೆಯಾಗುತ್ತದೆ. ಸಂಖ್ಯೆ ಎರಡು ಸಲ ಓದಿ, ಆಮೇಲೆ ಎಂಟರ್ ಒತ್ತಿ.

ಮಂಗಳೂರುಮಳೆ
ಒಂದು ಎಚ್ಚರಿಕೆ. ಪ್ರೋಗ್ರಾಂ ಫೈಲನ್ನು ಅಪೆಂಡ್ ಮೋಡ್‌ನಲ್ಲಿ (ಯಾವಾಗಲೂ ಕೊನೆಗೇ ಸೇರಿಸುವ ಹಾಗೆ) ತೆರೆಯದೇ ಇದ್ದರೆ, ಟ್ರಂಕೇಟ್ ಆದ ಮೇಲೂ 43 ಜಿಬಿಯ ಜಾಗದಿಂದಲೇ ಬರೆಯುತ್ತಾ ಹೋಗುತ್ತದೆ. ಮೊದಲಿನ ಭಾಗ ಬರೀ ತೂತು. ಪಟ್ಟಿಯಲ್ಲಿ ಗಾತ್ರ ದೊಡ್ಡದಾಗಿಯೇ ಕಾಣುತ್ತದೆ, ಡಿಸ್ಕ್‌ನಲ್ಲಿ ಜಾಗ ಹಿಡಿಯುವುದಿಲ್ಲ. ನೋಡಿ ಗಾಬರಿಯಾಗಬೇಡಿ.

ಕಮಾಂಡ್‌ಪ್ರಿಯ
ಪೈಥಾನ್ ಲಾಗಿಂಗ್‌ನ ಫೈಲ್‌ಹ್ಯಾಂಡ್ಲರ್ ಹೇಳದಿದ್ದರೂ ಅಪೆಂಡ್ ಮೋಡ್‌ನಲ್ಲೇ ತೆರೆಯುತ್ತದೆ. ಅವರಿಗೆ ಆ ತೊಂದರೆ ಬರಲಾರದು.

ತುಂಗಾತೀರ
ಕೆಲಸ ಆಯಿತು. ಸ್ಕ್ರಿಪ್ಟ್ ಇನ್ನೂ ಓಡುತ್ತಿದೆ. ಈಗ ಬಳಸಿದ್ದು 392, ಉಳಿದದ್ದು 43. ತುಂಬಾ ಧನ್ಯವಾದ. ಆದರೆ ಡಿಯು ಇನ್ನೂ 212 ಎನ್ನುತ್ತಿದೆ. 180 ಜಿಬಿ ವ್ಯತ್ಯಾಸ ಉಳಿದಿದೆ. ಎಲ್‌ಎಸ್‌ಒಎಫ್ ಈಗ ಖಾಲಿ.

ಡಿಟಿಪಿ_ಅಕ್ಕ
ನಡುವೆ ಬಾಯಿ ಹಾಕುತ್ತಿದ್ದೇನೆ. ಪುಟಕ್ಕೆ ಎಷ್ಟು ಎಂಬಿ ಬರುತ್ತಿದೆ ತಮ್ಮಾ? ಬಣ್ಣದಲ್ಲೇ ಸ್ಕ್ಯಾನ್ ಮಾಡುತ್ತಿದ್ದೀಯಾ?

ತುಂಗಾತೀರ
ಹೌದು ಅಕ್ಕ. ಎ4, 300 ಡಿಪಿಐ, ಬಣ್ಣ, ಕಂಪ್ರೆಸ್ ಮಾಡದ ಟಿಫ್. ಪುಟಕ್ಕೆ 26 ಎಂಬಿ. ಏಳೂವರೆ ಸಾವಿರ ಪುಟ ಆಗಿದೆ.

ಡಿಟಿಪಿ_ಅಕ್ಕ
ಗ್ರೇಸ್ಕೇಲ್ ಆದರೆ ಮೂರನೇ ಒಂದು ಭಾಗ ಸಾಕು. ಬಣ್ಣವೇ ಬೇಕಿದ್ದರೆ ಎಲ್‌ಝಡ್‌ಡಬ್ಲ್ಯು ಹಾಕು. ಪುಟ ಒಂದು ಚೂರೂ ಕೆಡುವುದಿಲ್ಲ.

ಇನ್ನೊಂದು. ಫೈಲ್ ಹೆಸರು ಕನ್ನಡದಲ್ಲಿ ಇಡುತ್ತೀಯಾ? ನಾನು ನುಡಿ ತಂತ್ರಾಂಶದಿಂದ ಯುನಿಕೋಡ್‌ಗೆ ಬಂದ ಮೇಲೆ ಎಲ್ಲ ಹೆಸರೂ ಕನ್ನಡದಲ್ಲೇ ಇಡುತ್ತೇನೆ. ಲೇಖಕರು, ಶೀರ್ಷಿಕೆ, ಸಂಚಿಕೆ ಎಲ್ಲ ಸೇರಿಸಿದರೆ ಹೆಸರು ಉದ್ದವಾಯಿತು ಎಂಬ ತಕರಾರು ಬರುತ್ತದೆ. ಅಷ್ಟೇನೂ ಉದ್ದ ಇರುವುದಿಲ್ಲ.

ಡಬ್ಲಿನ್‌ಕನ್ನಡಿಗ
ಅಕ್ಕ, ಇಎಕ್ಸ್‌ಟಿ4ನಲ್ಲಿ ಹೆಸರಿಗೆ 255 ಬೈಟ್ ಮಿತಿ. 255 ಅಕ್ಷರ ಅಲ್ಲ, ಬೈಟ್. ಯುಟಿಎಫ್-8ನಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಅಂದರೆ 85 ಸಂಕೇತ ಮಾತ್ರ. ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆಯೂ ಒಂದು ಸಂಕೇತ, ಸ್ವರ ಚಿಹ್ನೆಯೂ ಒಂದು. 'ಸ್ವಾತಂತ್ರ್ಯ' ನಮಗೆ ಮೂರು ಅಕ್ಷರ. ಡಿಸ್ಕ್‌ಗೆ ಹನ್ನೊಂದು ಸಂಕೇತ, 33 ಬೈಟ್. ವಿಂಡೋಸ್‌ನ ಎನ್‌ಟಿಎಫ್‌ಎಸ್‌ನಲ್ಲಿ ಲೆಕ್ಕ ಬೇರೆ, ಅಲ್ಲಿ 255 ಸಂಕೇತ ಹಿಡಿಯುತ್ತದೆ. ವಿಂಡೋಸ್‌ನಲ್ಲಿ ಇಟ್ಟ ಹೆಸರು ಲಿನಕ್ಸ್‌ಗೆ ಕಾಪಿ ಆಗದೇ ಇರುವುದು ಇದಕ್ಕೇ.

ಡಿಟಿಪಿ_ಅಕ್ಕ
ಅಯ್ಯೋ, ಎರಡು ವರ್ಷದಿಂದ ಹೆಸರು ಕತ್ತರಿಸುತ್ತಿದ್ದೇನೆ, ಕಾರಣ ಇವತ್ತು ಗೊತ್ತಾಯಿತು. ವಿವರವನ್ನೆಲ್ಲ ಒಂದು ಪಟ್ಟಿಯಲ್ಲಿ ಬರೆದು ಫೈಲ್‌ಗೆ ಚಿಕ್ಕ ಹೆಸರು ಇಡುವುದೇ ಸರಿ.

ರಾತ್ರಿಪಾಳಿ
180ಕ್ಕೆ ಬರೋಣ. ನನ್ನ ಅನುಮಾನ /ಎಂಎನ್‌ಟಿ/ಬ್ಯಾಕಪ್ ಮೇಲೆ. ಯುಎಸ್‌ಬಿ ಡಿಸ್ಕ್ ಮೌಂಟ್ ಆಗದ ದಿನ ಬ್ಯಾಕಪ್ ಸ್ಕ್ರಿಪ್ಟ್ ಓಡಿದ್ದರೆ ಏನಾಗುತ್ತದೆ? ಆ ಫೋಲ್ಡರ್ ಎಸ್‌ಎಸ್‌ಡಿಯಲ್ಲೇ ಇರುವ ಖಾಲಿ ಫೋಲ್ಡರ್. ಕಾಪಿ ಮಾಡುವ ಆರ್‌ಸಿಂಕ್ ಪ್ರೋಗ್ರಾಂಗೆ ಅದು ಗೊತ್ತಿಲ್ಲ. ಅಲ್ಲೇನೂ ಇಲ್ಲ ಅಂತ ಇಡೀ ಸಂಗ್ರಹವನ್ನು ಎಸ್‌ಎಸ್‌ಡಿಗೇ ಬರೆಯುತ್ತದೆ. ಆಮೇಲೆ ಡಿಸ್ಕ್ ಮೌಂಟ್ ಆದಾಗ ಅದು ಮೇಲೆ ಕೂರುತ್ತದೆ, ಕೆಳಗಿನದು ಮುಚ್ಚಿಹೋಗುತ್ತದೆ. ಮೂಟೆಗಳ ಮುಂದೆ ಬೀರು ತಂದಿಟ್ಟ ಹಾಗೆ.

ತುಂಗಾತೀರ
ಜುಲೈನಲ್ಲಿ ಹಾಗೇ ಆಗಿರಬೇಕು! ಮಳೆಗೆ ಕರೆಂಟ್ ಪದೇಪದೇ ಹೋಗುತ್ತಿತ್ತು. ಯುಎಸ್‌ಬಿ ಡಿಸ್ಕ್‌ಗೆ ಬೇರೆ ಅಡಾಪ್ಟರ್ ಇದೆ, ಅದು ಯುಪಿಎಸ್‌ನಲ್ಲಿ ಇರಲಿಲ್ಲ. ಐದಾರು ದಿನ ಅದರ ದೀಪ ಆರಿದ್ದು ನಾನು ಗಮನಿಸಲಿಲ್ಲ. ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು ಎಂದು ಬರೆದಿಡುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ 'ನೋಫೇಲ್' ಹಾಕಿದ್ದೇನೆ.

ಕಮಾಂಡ್‌ಪ್ರಿಯ
ನೋಫೇಲ್ ಇದ್ದರೆ ಡಿಸ್ಕ್ ಇಲ್ಲದಿದ್ದರೂ ಸುಮ್ನೆ ಬೂಟ್ ಆಗುತ್ತದೆ. ಇಲ್ಲದಿದ್ದರೆ 90 ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡ್‌ಗೆ ಹೋಗುತ್ತಿತ್ತು, ಅವತ್ತೇ ಗೊತ್ತಾಗುತ್ತಿತ್ತು. ನೋಫೇಲ್ ತಪ್ಪಲ್ಲ. ಆದರೆ ಸ್ಕ್ರಿಪ್ಟ್ ನೋಡಿಕೊಳ್ಳಬೇಕು.

ಮುಚ್ಚಿದ್ದನ್ನು ನೋಡಲು '/ಬೇರು' ಅಂತ ಒಂದು ಖಾಲಿ ಫೋಲ್ಡರ್ ಮಾಡಿ 'ಮೌಂಟ್ --ಆರ್‌ಬೈಂಡ್ / /ಬೇರು' ಕೊಡಿ.

ರಾತ್ರಿಪಾಳಿ
ಬೇಡ, ಬೇಡ! ಆರ್‌ಬೈಂಡ್ ಕೊಟ್ಟರೆ ಒಳಗಿನ ಮೌಂಟ್‌ಗಳೂ ಜೊತೆಗೇ ಬರುತ್ತವೆ. ಯುಎಸ್‌ಬಿ ಡಿಸ್ಕೇ ಮತ್ತೆ ಕಾಣುತ್ತದೆ. ಅದನ್ನು ಮುಚ್ಚಿದ ಪ್ರತಿ ಅಂದುಕೊಂಡು ಅಳಿಸಿದರೆ ನಿಜವಾದ ಬ್ಯಾಕಪ್ ಹೋಗುತ್ತದೆ. ಬರೀ 'ಮೌಂಟ್ --ಬೈಂಡ್ / /ಬೇರು' ಕೊಡಿ.

ಕಮಾಂಡ್‌ಪ್ರಿಯ
ಹೌದು, ನನ್ನದು ತಪ್ಪು. ಆರ್ ಬೇಡ. ತಿದ್ದಿದ್ದಕ್ಕೆ ಥ್ಯಾಂಕ್ಸ್.

ತುಂಗಾತೀರ
/ಬೇರು ಕೆಳಗಿನ ಎಂಎನ್‌ಟಿ/ಬ್ಯಾಕಪ್‌ಗೆ ಡಿಯು ಕೊಟ್ಟೆ. ಸರಿಯಾಗಿ 180 ಜಿಬಿ. ನೋಡಿ ಮೈ ಜುಮ್ ಎಂದಿತು. ಇಷ್ಟು ದಿನ ಕಣ್ಣ ಮುಂದೆಯೇ ಇತ್ತು. ಅಳಿಸಿಬಿಡಲಾ?

ಸರಳಜೀವಿ
ಯುಎಸ್‌ಬಿಯಲ್ಲಿ ಎಲ್ಲ ಇದೆಯಲ್ಲ, ಅಳಿಸಿ.

ಮಂಗಳೂರುಮಳೆ
ದಯವಿಟ್ಟು ಈಗಲೇ ಬೇಡ. ಪೆನ್‌ಡ್ರೈವ್ ಅಂದುಕೊಂಡು, ಡಿಸ್ಕ್ ಮೇಲೆ ನೇರವಾಗಿ ಬರೆಯುವ ಡಿಡಿ ಕಮಾಂಡ್‌ಅನ್ನು ಬೇರೆ ಡಿಸ್ಕ್‌ಗೆ ಕೊಟ್ಟು ಅಪ್ಪನ ಫೋಟೋಗಳನ್ನು ಕಳೆದುಕೊಂಡವನು ನಾನು. ಹಿಂದಿನ ದಿನ ಎಸ್‌ಡಿಬಿ ಆಗಿದ್ದ ಪೆನ್‌ಡ್ರೈವ್ ಮರುದಿನ ಎಸ್‌ಡಿಸಿ ಆಗಿತ್ತು. ಅಂದಿನಿಂದ 'ಎಲ್‌ಎಸ್‌ಬಿಎಲ್‌ಕೆ -ಎಫ್' ಕೊಟ್ಟು ಲೇಬಲ್, ಯುಯುಐಡಿ (ವಿಶಿಷ್ಟ ಗುರುತಿನ ಸಂಖ್ಯೆ) ಎರಡೂ ನೋಡದೆ ಡಿಸ್ಕ್ ಮುಟ್ಟುವುದಿಲ್ಲ.

ಮೊದಲು ಆ ಫೋಲ್ಡರ್ ಒಳಗೆ ಹೋಗಿ 'ಡಿಎಫ್ .' ಕೊಡಿ. ಕೊನೆಯಲ್ಲಿ ಒಂದು ಚುಕ್ಕೆ. ನೀವು ನಿಂತ ಜಾಗ ಯಾವ ಡಿಸ್ಕ್‌ನಲ್ಲಿದೆ ಅಂತ ಹೇಳುತ್ತದೆ. ಎಸ್‌ಎಸ್‌ಡಿ ಹೆಸರು ಬಂದರೆ ಮಾತ್ರ ಮುಂದಿನ ಮಾತು.

ರಾತ್ರಿಪಾಳಿ
ಅದಾದ ಮೇಲೆ ಆರ್‌ಸಿಂಕ್‌ಅನ್ನು '-ಎಎನ್‌ವಿ' ಜೊತೆ ಓಡಿಸಿ. ಮುಚ್ಚಿದ ಪ್ರತಿಯಿಂದ ಯುಎಸ್‌ಬಿ ಕಡೆಗೆ. ಎನ್ ಇದ್ದರೆ ಏನನ್ನೂ ಬರೆಯುವುದಿಲ್ಲ, ಏನೇನು ಕಾಪಿ ಮಾಡಬೇಕಿತ್ತು ಅಂತ ಪಟ್ಟಿ ಕೊಡುತ್ತದೆ. ಪಟ್ಟಿ ಖಾಲಿ ಬಂದರೆ ಅಳಿಸಿ.

ಸರಳಜೀವಿ
180 ಜಿಬಿ ಹೋಲಿಸಲು ಇಡೀ ದಿನ ಬೇಕಲ್ಲ?

ರಾತ್ರಿಪಾಳಿ
ಇಲ್ಲ. ಗಾತ್ರ, ತಾರೀಕು ಎರಡನ್ನೇ ನೋಡುತ್ತದೆ, ಬೇಗ ಮುಗಿಯುತ್ತದೆ. ಒಳಗಿನದನ್ನೂ ಹೋಲಿಸಬೇಕು ಅಂದರೆ -ಸಿ ಹಾಕಬೇಕು, ಆಗ ಹೊತ್ತು ಹಿಡಿಯುತ್ತದೆ.

ಹುಬ್ಬಳ್ಳಿಯವ
ಈ ಡಿಎಫ್, ಡಿಯು ಯಾವ ಕಾಲದವು? ನಾನು 2005ರಲ್ಲಿ ಕಾಲೇಜಿನಲ್ಲಿ ಕಲಿತಾಗಲೂ ಇದೇ ಇತ್ತು.

ಡಬ್ಲಿನ್‌ಕನ್ನಡಿಗ
1971ರ ಮೊದಲ ಯುನಿಕ್ಸ್ ಕೈಪಿಡಿಯಲ್ಲೇ ಎರಡೂ ಇವೆ. ಡಿಸ್ಕ್ ಫ್ರೀ, ಡಿಸ್ಕ್ ಯೂಸೇಜ್ ಅಂತ.

ಹೊಸಬ22
ಡಿಎಫ್ 512 ಜಿಬಿ ಅಂತ ತೋರಿಸುವ ಪೆನ್‌ಡ್ರೈವ್ ನನ್ನ ಹತ್ತಿರ ಇದೆ. ತುಂಬಾ ಕಡಿಮೆ ಬೆಲೆಗೆ ಸಿಕ್ಕಿತು. ಆದರೆ ಹಾಕಿದ ಸಿನಿಮಾಗಳು ತೆರೆಯುವುದಿಲ್ಲ.

ಮಂಗಳೂರುಮಳೆ
ನಕಲಿ ಇರಬೇಕು. ಒಳಗಿನ ಚಿಪ್ ತಾನು 512 ಅಂತ ಹೇಳಿಕೊಂಡರೆ ಡಿಎಫ್ ಅದನ್ನೇ ನಂಬುತ್ತದೆ. 'ಎಫ್3' ಪ್ಯಾಕೇಜ್ ಹಾಕಿಕೊಳ್ಳಿ. ಎಫ್3ರೈಟ್ ಖಾಲಿ ಜಾಗವನ್ನೆಲ್ಲ ತುಂಬುತ್ತದೆ, ಎಫ್3ರೀಡ್ ವಾಪಸ್ ಓದಿ ನಿಜವಾಗಿ ಎಷ್ಟು ಉಳಿದಿದೆ ಅಂತ ಹೇಳುತ್ತದೆ. ಅಲ್ಲಿಯವರೆಗೆ ಅದರಲ್ಲಿ ಬೇಕಾದ್ದು ಏನೂ ಇಡಬೇಡಿ.

ತುಂಗಾತೀರ
ಪಟ್ಟಿ ಖಾಲಿ ಬರಲಿಲ್ಲ.

84 ಫೈಲ್ ಬಂದವು. ಎಲ್ಲ ಒಂದೇ ಫೋಲ್ಡರ್. ತೀರ್ಥಹಳ್ಳಿ ಕಡೆಯ ಒಬ್ಬ ಹಿರಿಯರ ಅಟ್ಟದಲ್ಲಿದ್ದ ಪತ್ರಿಕೆಯ ಒಂದು ಸಂಚಿಕೆ. ಜುಲೈನಲ್ಲಿ ಸ್ಕ್ಯಾನ್ ಮಾಡಿ ಪ್ರತಿಯನ್ನು ಅವರಿಗೆ ಹಿಂದಿರುಗಿಸಿದ್ದೆ. ಆ ವಾರವೇ ಫೋಲ್ಡರ್‌ಗಳನ್ನು ಜೋಡಿಸುವಾಗ ಎಲ್ಲೋ ಕಳೆದುಹೋಯಿತು. ಯುಎಸ್‌ಬಿಯಲ್ಲೂ ಹುಡುಕಿದ್ದೆ, ಅಲ್ಲೂ ಇರಲಿಲ್ಲ. ಡಿಸ್ಕ್ ಆರಿದ್ದ ದಿನಗಳಲ್ಲಿ ಆದ ಬ್ಯಾಕಪ್ ಇದು. ಹಾಗಾಗಿ ಮುಚ್ಚಿದ ಪ್ರತಿಯಲ್ಲಿ ಮಾತ್ರ ಉಳಿದಿದೆ. ಮತ್ತೆ ಕೇಳಲು ಹೋದಾಗ ಆ ಪ್ರತಿಗೆ ಗೆದ್ದಲು ಹಿಡಿದಿತ್ತು.

84 ಪುಟವನ್ನೂ ತೆರೆದು ನೋಡಿದೆ. ಎಲ್ಲ ಸರಿಯಾಗಿವೆ. ಎರಡು ಕಡೆ ಕಾಪಿ ಮಾಡಿದ್ದೇನೆ.

ಡಿಟಿಪಿ_ಅಕ್ಕ
ಓದಿ ಕಣ್ಣು ತುಂಬಿ ಬಂತು ತಮ್ಮಾ. ಅಳಿಸದೆ ಉಳಿಸಿದ್ದೀಯಲ್ಲ.

ಸರಳಜೀವಿ
ಅಳಿಸಿ ಅಂತ ಹೇಳಿದ್ದು ನಾನು. ಕ್ಷಮಿಸಿ. ಇನ್ನು ಮುಂದೆ ನಾನೂ ಹೋಲಿಸಿಯೇ ಅಳಿಸುತ್ತೇನೆ.

ತುಂಗಾತೀರ
ಪರವಾಗಿಲ್ಲ ಸರ್, ನಾನೂ ಅಳಿಸುವವನೇ ಇದ್ದೆ.

ಈಗ ಮುಚ್ಚಿದ ಪ್ರತಿ ತೆಗೆದಿದ್ದೇನೆ. /ಬೇರು ಅನ್‌ಮೌಂಟ್ ಆಯಿತು. ಬಳಸಿದ್ದು 212, ಉಳಿದದ್ದು 223. ಡಿಯು ಕೂಡ 212. ಇದು ಮತ್ತೆ ಆಗದ ಹಾಗೆ ಏನು ಮಾಡಲಿ?

ಕಮಾಂಡ್‌ಪ್ರಿಯ
ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲಿ 'ಮೌಂಟ್‌ಪಾಯಿಂಟ್ -ಕ್ಯು /ಎಂಎನ್‌ಟಿ/ಬ್ಯಾಕಪ್' ಹಾಕಿ. ವಿಫಲವಾದರೆ ಅಲ್ಲೇ ನಿಲ್ಲಲಿ.

ಮಂಗಳೂರುಮಳೆ
ನನಗೆ ಇನ್ನೊಂದು ದಾರಿ ಇಷ್ಟ. ಡಿಸ್ಕ್ ಅನ್‌ಮೌಂಟ್ ಮಾಡಿ, ಖಾಲಿ ಫೋಲ್ಡರ್‌ಗೆ 'ಚಾಟರ್ +ಐ' ಕೊಡಿ. ಡಿಸ್ಕ್ ಇಲ್ಲದಾಗ ರೂಟ್ ಕೂಡ ಅಲ್ಲಿ ಫೈಲ್ ಮಾಡಲು ಆಗುವುದಿಲ್ಲ. ಡಿಸ್ಕ್ ಮೌಂಟ್ ಆದರೆ ಎಂದಿನಂತೆ ಬರೆಯಬಹುದು. ಸ್ಕ್ರಿಪ್ಟ್ ಬದಲಾದರೂ ಇದು ಕಾಯುತ್ತದೆ.

ಕಮಾಂಡ್‌ಪ್ರಿಯ
ಆರು ತಿಂಗಳ ನಂತರ ಆ ಫೋಲ್ಡರ್ ಯಾಕೆ ಅಳಿಸಲಾಗುತ್ತಿಲ್ಲ ಅಂತ ಕೂತು ಯೋಚಿಸಬೇಕಾಗುತ್ತದೆ. ಸ್ಕ್ರಿಪ್ಟ್‌ನಲ್ಲಿ ಬರೆದದ್ದು ಕಣ್ಣಿಗೆ ಕಾಣುತ್ತದೆ.

ರಾತ್ರಿಪಾಳಿ
ಎರಡನ್ನೂ ಮಾಡಿ, ಐದು ನಿಮಿಷದ ಕೆಲಸ. ಈಗ ಬೇಕಿದ್ದರೆ ಟ್ಯೂನ್2ಎಫ್‌ಎಸ್ ಕೂಡ ಕೊಡಬಹುದು. 2 ಟಿಬಿ ಡಿಸ್ಕ್ ಇಎಕ್ಸ್‌ಟಿ4 ಆಗಿದ್ದರೆ ಅಲ್ಲೂ ಶೇಕಡಾ 5 ಅಂದರೆ 100 ಜಿಬಿ ಸುಮ್ನೆ ಕೂತಿದೆ.

ಕರೆಂಟ್ ಹೋಗಿ ಬಂದ ಡಿಸ್ಕ್ ಅದು. 'ಸ್ಮಾರ್ಟ್‌ಸಿಟಿಎಲ್ -ಎ' ಕೊಟ್ಟು ಕರೆಂಟ್ ಪೆಂಡಿಂಗ್ ಸೆಕ್ಟರ್ (ಸದ್ಯ ಸರಿಯಾಗಿ ಓದಲು ಆಗದ ಭಾಗಗಳ ಎಣಿಕೆ) ಎಂಬ ಸಾಲು ನೋಡಿ. ಅದರ ರಾ ಸಂಖ್ಯೆ ಸೊನ್ನೆ ಇರಬೇಕು.

ತುಂಗಾತೀರ
ಸೊನ್ನೆ ಇದೆ. ಅಡಾಪ್ಟರ್ ಯುಪಿಎಸ್‌ಗೆ ಹಾಕಿದ್ದೇನೆ. ಭಾನುವಾರ ತೀರ್ಥಹಳ್ಳಿಗೆ ಹೋಗುತ್ತಿದ್ದೇನೆ, 84 ಪುಟದ ಪ್ರಿಂಟ್ ತೆಗೆದುಕೊಂಡು.